ಮಗಳ ಬಾಣಂತನಕ್ಕೆ ದುಬೈಗೆ: ವೀಸಾ ಮೊದಲು, ಟಿಕೆಟ್ ಆಮೇಲೆ

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ನನಗೆ 59 ವರ್ಷ, ಯಜಮಾನರಿಗೆ 66. ಮಗಳು, ಅಳಿಯ ದುಬೈಯ ಕುಸೈಸ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟ್‌ನಲ್ಲಿದ್ದಾರೆ. ಮಗಳಿಗೆ ಇದು ಚೊಚ್ಚಲು. ಜನವರಿ ಮಧ್ಯಕ್ಕೆ ಡೇಟ್ ಕೊಟ್ಟಿದ್ದಾರೆ. ಡಿಸೆಂಬರ್ ಕೊನೆಗೇ ಇಬ್ಬರೂ ಹೋಗಿ ಎರಡು ತಿಂಗಳು ಇರೋಣ ಅಂತ ನನ್ನ ಆಸೆ. ತೋಟದ ಕೆಲಸ ಬಿಟ್ಟು ಅಷ್ಟು ದಿನ ಆಗುವುದಿಲ್ಲ, ಅಲ್ಲಿ ಕೂತು ಏನು ಮಾಡಲಿ ಅಂತ ಯಜಮಾನರು. ಏನೇನು ಕೊಂಡುಹೋಗಬಹುದು? ಇನ್ನೊಂದು, ಕೇಳಲು ನಾಚಿಕೆ. ನಾನು ವಿಮಾನ ಹತ್ತುವುದೇ ಮೊದಲ ಸಲ, ಊರು ನೋಡುವ ಆಸೆಯೂ ಇದೆ. ಬಾಣಂತಿಯನ್ನು ಮನೆಯಲ್ಲಿ ಬಿಟ್ಟು ತಿರುಗಾಡಿದರೆ ಸರಿಯಾ?

ಉತ್ತರ: ಅಕ್ಕಾ, ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಕಾಸರಗೋಡು ಪೇಟೆಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಟಿಕೆಟ್, ವೀಸಾದ ಕೆಲಸ ಮಾಡಿದ್ದೇನೆ. ಬಾಣಂತನಕ್ಕೆ ಹೊರಟ ಅಮ್ಮಂದಿರನ್ನು ಎಷ್ಟು ಮಂದಿಯನ್ನು ಕಳಿಸಿದ್ದೇನೋ ಲೆಕ್ಕವಿಲ್ಲ. ಹೊರಡುವಾಗ ಎಲ್ಲರೂ ಲಗೇಜ್ ಎಷ್ಟು ಕೆ.ಜಿ. ಅಂತ ಕೇಳುತ್ತಾರೆ. ನಿಮ್ಮ ಕೊನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವರು ಕಡಿಮೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದಿನಗಳ ಲೆಕ್ಕ ನೋಡೋಣ, ಯಾಕೆಂದರೆ ಎಡವುವುದು ಅಲ್ಲೇ. ನಾನೂ ಎಡವಿದ್ದೇನೆ. ನನ್ನ ಮಗಳ ಹೆರಿಗೆಗೆ ಡೇಟಿಗಿಂತ 25 ದಿನ ಮುಂಚೆ ಹೋಗಿ ಕೂತೆ. ಮಗು ಬಂದದ್ದು ಡೇಟ್ ಕಳೆದು 9 ದಿನಕ್ಕೆ. ಒಂದು ತಿಂಗಳಿಗಿಂತ ಜಾಸ್ತಿ ತುಂಬು ಬಸುರಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಆಮೇಲೆ ನೋಡಿದರೆ ಮಗುವಿಗೆ ಒಂದು ತಿಂಗಳು ತುಂಬುವ ಮೊದಲೇ ನನ್ನ 60 ದಿನ ಮುಗಿದಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನಾನೇ ಹೀಗೆ ಮಾಡಿಕೊಂಡೆ.

ಯುಎಇಗೆ, ಅಂದರೆ ದುಬೈ ಸೇರಿರುವ ದೇಶಕ್ಕೆ, ಟೂರಿಸ್ಟ್ ವೀಸಾ ಸಾಮಾನ್ಯವಾಗಿ 30 ದಿನದ್ದು, 60 ದಿನದ್ದು ಅಂತ ಎರಡು ಬಗೆ. ಈ ದಿನಗಳು ಲೆಕ್ಕಕ್ಕೆ ಬರುವುದು ನೀವು ಅಲ್ಲಿ ಇಳಿದ ದಿನದಿಂದ. ವೀಸಾ ಕೈಗೆ ಸಿಕ್ಕ ದಿನದಿಂದ ಅಲ್ಲ. ಸಿಕ್ಕ ಮೇಲೆ ಒಳಗೆ ಹೋಗಲು ಬೇರೆಯೇ 60 ದಿನದ ಅವಧಿ ಇರುತ್ತದೆ. ಹಾಗಾಗಿ ಡಿಸೆಂಬರ್‌ನಲ್ಲೇ 60 ದಿನದ ವೀಸಾ ಮಾಡಿಸಿ ಇಟ್ಟುಕೊಳ್ಳಿ. ಟಿಕೆಟನ್ನು ಡೇಟಿಗೆ ಐದಾರು ದಿನ ಮುಂಚಿನದ್ದು ತೆಗೆಯಿರಿ. ನೋವು ಮೊದಲೇ ಬಂದರೆ ಹೆದರಬೇಡಿ. ಮಂಗಳೂರಿನಿಂದ ದುಬೈಗೆ ಮೂರೂವರೆ ಗಂಟೆಯ ಆಸುಪಾಸಿನ ಹಾರಾಟ. ವೀಸಾ ಕೈಯಲ್ಲಿದ್ದರೆ ಬೆಳಿಗ್ಗೆ ಫೋನ್ ಬಂದು ಮರುದಿನ ಮಗಳ ಹತ್ತಿರ ಇರಬಹುದು. ಇಲ್ಲಿಂದ ಮದರಾಸಿಗೆ ರೈಲಿನಲ್ಲಿ ಹೋಗುವುದಕ್ಕಿಂತ ಅದು ಹತ್ತಿರ. ಕ್ರಿಸ್‌ಮಸ್ ರಜೆಗೆ ಬಂದವರೆಲ್ಲ ಜನವರಿ ಮೊದಲ ವಾರ ಹಿಂದೆ ಹೋಗುತ್ತಾರೆ. ಆಗ ಇಲ್ಲಿಂದ ಹೋಗುವ ಟಿಕೆಟ್‌ಗೆ ಬೆಂಕಿ ರೇಟು. ಒಂದು ವಾರ ತಡೆದರೆ ಅದೂ ಸ್ವಲ್ಪ ಇಳಿಯುತ್ತದೆ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ಒಂದು ದಿರ್ಹಮ್ ಅಂದರೆ 25 ರೂಪಾಯಿ ಅಂತ ಮನಸ್ಸಿನಲ್ಲಿ ಲೆಕ್ಕ ಇಟ್ಟುಕೊಳ್ಳಿ, ಸುಮಾರಾಗಿ ಸರಿಹೋಗುತ್ತದೆ.

ಇನ್ನೊಂದು ಲೆಕ್ಕ ಮಗಳದ್ದು. ಅಲ್ಲಿ ಖಾಸಗಿ ಕೆಲಸದಲ್ಲಿರುವ ಹೆಂಗಸರಿಗೆ ಹೆರಿಗೆ ರಜೆ 60 ದಿನ. 45 ದಿನಕ್ಕೆ ಪೂರ್ತಿ ಸಂಬಳ, ಉಳಿದ 15 ದಿನಕ್ಕೆ ಅರ್ಧ. ನಮ್ಮ ದೇಶದ ಹಾಗೆ 26 ವಾರ ಇಲ್ಲ. ನಿಮ್ಮ ಮಗಳು ಕೆಲಸಕ್ಕೆ ಹೋಗುವವಳು ಅಂತಾದರೆ, ಎರಡು ತಿಂಗಳಿನ ಕೂಸನ್ನು ಬಿಟ್ಟು ಆಫೀಸಿಗೆ ಹೊರಡುವ ದಿನ ಇದೆಯಲ್ಲ, ಅದು ಹೆರಿಗೆಯ ವಾರಕ್ಕಿಂತ ಕಷ್ಟದ್ದು. ಆಗ ಮನೆಯಲ್ಲಿ ಹಿರಿಯರು ಒಬ್ಬರು ಬೇಕು. ಆದ್ದರಿಂದ ಅಳಿಯನ ತಾಯಿಯ ಹತ್ತಿರ ಈಗಲೇ ಮಾತಾಡಿ. ಮೊದಲ ಎರಡು ತಿಂಗಳು ನೀವು, ನೀವು ಹೊರಡುವ ಒಂದು ವಾರ ಮುಂಚೆ ಅವರು ಬರಲಿ. ಅದಕ್ಕಿಂತ ಜಾಸ್ತಿ ದಿನ ಇಬ್ಬರೂ ಒಟ್ಟಿಗೆ ಎರಡು ಕೋಣೆಯ ಫ್ಲ್ಯಾಟ್‌ನಲ್ಲಿ... ಬೇಡ. ನಾನು ಹೇಳುವುದು ಅಷ್ಟೇ.

ಭಾವನ ವಿಷಯ. ಜನವರಿಯಲ್ಲಿ ಅಡಿಕೆ ಕೊಯ್ಲು, ಅಂಗಳ ತುಂಬ ಒಣಗಲು ಹಾಕಿದ ಅಡಿಕೆ, ತೋಟಕ್ಕೆ ನೀರು. ಇದನ್ನೆಲ್ಲ ಬಿಟ್ಟು 60 ದಿನ ಬನ್ನಿ ಅಂದರೆ ಯಾವ ಕೃಷಿಕನಿಗೂ ಹೊಟ್ಟೆಗೆ ಇಳಿಯುವುದಿಲ್ಲ. ಅವರು ಹೇಳುವುದು ನ್ಯಾಯವೇ. ಅವರಿಗೆ 30 ದಿನದ ವೀಸಾ ಬೇರೆ ಮಾಡಿಸಿ. ನೀವು ಹೋಗಿ ಐದು ವಾರ ಆದ ಮೇಲೆ ಬರಲಿ, ಮೂರು ವಾರ ಇರಲಿ, ವಾಪಸು ಇಬ್ಬರೂ ಒಟ್ಟಿಗೆ ಬನ್ನಿ. ಮೊದಲ ತಿಂಗಳು ಗಂಡಸರಿಗೆ ಆ ಮನೆಯಲ್ಲಿ ಮಾಡಲು ಕೆಲಸವೂ ಇಲ್ಲ, ಕೂರಲು ಜಾಗವೂ ಇಲ್ಲ. ಹಾಲು ಕುಡಿಸುವಾಗಲೆಲ್ಲ ಎದ್ದು ಹೋಗಬೇಕು ಅಂದರೆ ಎಲ್ಲಿಗೆ ಹೋಗುವುದು? ಅಲ್ಲಿ ಜಗಲಿ ಇದೆಯಾ?

ಪಾಸ್‌ಪೋರ್ಟ್ ಈಗಲೇ ತೆಗೆದು ನೋಡಿ. ಆರು ತಿಂಗಳ ಅವಧಿ ಉಳಿದಿರಬೇಕು. ಅದಕ್ಕಿಂತ ಮುಖ್ಯವಾದದ್ದು ಹೆಸರು. ನಮ್ಮ ಕಡೆ ಹಳಬರಿಗೆ ಒಂದೇ ಹೆಸರು ಇರುವುದು ಸಾಮಾನ್ಯ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಬರೀ ಒಂದು ಹೆಸರು ಇದ್ದರೆ ಯುಎಇ ವಿಸಿಟ್ ವೀಸಾಕ್ಕೆ ತೊಂದರೆ. 2022ರ ನವೆಂಬರ್‌ನಿಂದ ಈ ನಿಯಮ ಬಂದಿದೆ. ಕೊನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತಾರೆ. ಸಂಶಯ ಇದ್ದರೆ ಹೆಸರು ಸರಿಮಾಡಿಸಿಕೊಳ್ಳಿ, ಅದಕ್ಕೆ ದಿನ ಬೇಕು. ಹತ್ತನೇ ಕ್ಲಾಸು ಆಗದವರ ಪಾಸ್‌ಪೋರ್ಟ್‌ಗೆ ಎಮಿಗ್ರೇಶನ್ ಕಿರಿಕಿರಿ ಅಂತ ಯಾರಾದರೂ ಹೆದರಿಸಬಹುದು. 50 ವರ್ಷ ದಾಟಿದವರಿಗೆ ಅದರಿಂದ ವಿನಾಯಿತಿ ಇದೆ. ರಿಟರ್ನ್ ಟಿಕೆಟ್, ಮಗಳ ವಿಳಾಸ, ಅಳಿಯನ ಎಮಿರೇಟ್ಸ್ ಐಡಿಯ (ಅಲ್ಲಿಯ ಗುರುತಿನ ಚೀಟಿ) ಕಾಪಿ ಕಾಗದದಲ್ಲೇ ಇಟ್ಟುಕೊಳ್ಳಿ. ಫೋನಿನಲ್ಲಿದೆ ಅಂತ ಹೋಗಿ, ಚಾರ್ಜ್ ಮುಗಿದು ಕೌಂಟರ್ ಎದುರು ಕಣ್ಣು ಕಣ್ಣು ಬಿಟ್ಟವರನ್ನು ನೋಡಿದ್ದೇನೆ.

ಇನ್ನು ಕಟ್ಟು ಕಟ್ಟುವ ವಿಷಯ. ಇಲ್ಲಿ ದಯವಿಟ್ಟು ನಿಧಾನಕ್ಕೆ ಓದಿ.

ಬಾಣಂತಿಗೆ ನಿದ್ದೆ ಬರಲಿ ಅಂತ ನಾವು ಗಸಗಸೆ ಪಾಯಸ ಮಾಡುತ್ತೇವೆ ಅಲ್ವಾ. ಆ ಗಸಗಸೆ ಯುಎಇಯಲ್ಲಿ ನಿಷಿದ್ಧ. ಅದು ಅಫೀಮಿನ ಗಿಡದ ಬೀಜ ಅಂತ ಅಲ್ಲಿಯ ಕಾನೂನು ನೋಡುತ್ತದೆ. 'ಸ್ವಲ್ಪವೇ ಅಲ್ವಾ, ಅಡುಗೆಗೆ ಅಲ್ವಾ' ಅನ್ನುವ ಮಾತು ನಡೆಯುವುದಿಲ್ಲ. ಜೈಲಿನವರೆಗೆ ಹೋದದ್ದೂ ಇದೆ. ಪೊಟ್ಟಣ ಕಟ್ಟುವುದು ಬಿಡಿ, ಗಸಗಸೆ ಹಾಕಿ ಹುರಿದು ಪುಡಿ ಮಾಡಿದ ಮಸಾಲೆ, ಗಸಗಸೆ ಉದುರಿಸಿದ ಉಂಡೆ ಕೂಡ ಬೇಡ. ಹೊರಡುವ ದಿನ ಅತ್ತಿಗೆಯೋ ನೆರೆಮನೆಯವರೋ 'ಇದೊಂದು ಮಗಳಿಗೆ' ಅಂತ ಡಬ್ಬ ತುರುಕುತ್ತಾರೆ. ಬಿಚ್ಚಿ ನೋಡದೆ ಯಾವುದನ್ನೂ ಬ್ಯಾಗಿಗೆ ಹಾಕಬೇಡಿ.

ಭಾವ ಎಲೆ ತಿನ್ನುವವರೇ? ಕಾಸರಗೋಡಿನ ಅಡಿಕೆ ಕೃಷಿಕರನ್ನು ಹೀಗೆ ಕೇಳುವುದೇ ತಮಾಷೆ, ಗೊತ್ತು. ಆದರೆ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿ ವೀಳ್ಯದೆಲೆ ಇದೆ. ಎಲೆ, ತಂಬಾಕು, ಚೀಲ ಎಲ್ಲ ಮನೆಯಲ್ಲೇ ಬಿಟ್ಟು ಬರಲಿ. ಅಂಗಿಯ ಕಿಸೆ, ಪಂಚೆಯ ಮಡಿಕೆ ನೋಡಿಯೇ ಕಾರು ಹತ್ತಿಸಿ. ಮೂರು ವಾರದ ಪಥ್ಯ ಅಂತ ತಿಳಿದುಕೊಳ್ಳಲಿ. ನಾಮಕರಣದ ತಾಂಬೂಲಕ್ಕೂ ಇಲ್ಲಿಂದ ಎಲೆ ಬೇಡ.

ಕೊಬ್ಬರಿ ಕೂಡ ವಿಮಾನಕ್ಕೆ ಆಗುವುದಿಲ್ಲ. ಎಣ್ಣೆ ಪಸೆ ಜಾಸ್ತಿ ಇದ್ದು ಬೆಂಕಿ ಹಿಡಿಯುವ ವಸ್ತು ಅಂತ ಲೆಕ್ಕ. ತುಪ್ಪ, ತೆಂಗಿನೆಣ್ಣೆ ಕೈಚೀಲದಲ್ಲಿ ಬಿಡುವುದಿಲ್ಲ. ದ್ರವ ಯಾವುದಿದ್ದರೂ ಅಲ್ಲಿ 100 ಮಿಲಿ ಮಿತಿ. ದೊಡ್ಡ ಬ್ಯಾಗಿಗೆ ಹಾಕುವುದಾದರೆ ಅಂಗಡಿಯ ಸೀಲ್ ಇರುವ ಬಾಟಲಿ ಹಾಕಿ. ಸುಮ್ನೆ ಹೇಳುತ್ತೇನೆ, ಅದೂ ಬೇಡ. ಕುಸೈಸ್ ಸುತ್ತಮುತ್ತ ನಮ್ಮ ಕಡೆಯ ಜನ ಎಷ್ಟಿದ್ದಾರೆ ಅಂದರೆ ಕುಚ್ಚಿಲಕ್ಕಿ, ತೆಂಗಿನಕಾಯಿ, ಕರಿಬೇವಿನಸೊಪ್ಪು, ಬಾಳೆಕಾಯಿ, ಶುಂಠಿ, ಬೆಳ್ಳುಳ್ಳಿ, ಮೆಂತೆ ಎಲ್ಲ ನಡೆದು ಹೋಗುವ ದೂರದಲ್ಲಿ ಸಿಗುತ್ತದೆ. 20 ಕೆ.ಜಿ. ಬ್ಯಾಗಿನಲ್ಲಿ 5 ಕೆ.ಜಿ. ಅಕ್ಕಿ ಹೊತ್ತುಕೊಂಡು ಹೋಗುವ ಅಮ್ಮಂದಿರನ್ನು ಕಂಡರೆ ನನಗೆ ನಗು ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ.

ಲೇಹ್ಯ, ಕಷಾಯ. ಮನೆಯಲ್ಲಿ ಕಾಯಿಸಿದ, ಹೆಸರು ಬರೆಯದ ಕಪ್ಪು ಡಬ್ಬ ಬೇಡ. ಸೌಭಾಗ್ಯ ಶುಂಠಿಯೋ ಮತ್ತೊಂದೋ ಕೊಡಲೇಬೇಕು ಅಂತಿದ್ದರೆ ಲೇಬಲ್, ಸೀಲ್ ಎರಡೂ ಇರುವುದನ್ನು ತೆಗೆದುಕೊಳ್ಳಿ. ಅದರ ಫೋಟೋ ಮಗಳಿಗೆ ಕಳಿಸಿ. ಅವಳು ಅವಳ ಡಾಕ್ಟರಿಗೆ ತೋರಿಸಿ ಒಪ್ಪಿಗೆ ಆದ ಮೇಲೆ ಮಾತ್ರ ಕೊಂಡುಹೋಗಿ. ಅರಿಷ್ಟಗಳು ಹುದುಗಿ ಆಗುವಂಥವು, ಅವುಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಎದೆಹಾಲು ಕುಡಿಸುವವಳಿಗೆ ಕೇಳದೆ ಕೊಡುವುದಲ್ಲ. ನಿಮ್ಮದೇ ಬಿಪಿ, ಶುಗರ್ ಮಾತ್ರೆ ಇದ್ದರೆ ಇರುವಷ್ಟು ದಿನಕ್ಕೆ ಬೇಕಾದದ್ದನ್ನು ಸ್ಟ್ರಿಪ್ ಸಮೇತ ಒಯ್ಯಿರಿ. ಡಾಕ್ಟರ ಚೀಟಿ ಜೊತೆಗಿರಲಿ, ಔಷಧದ ಮೂಲ ಹೆಸರು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿರಲಿ. ನಿದ್ದೆ ಮಾತ್ರೆ, ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್, ಇವು ಅಲ್ಲಿ ನಿಯಂತ್ರಣದಲ್ಲಿರುವ ಔಷಧಗಳು. ಅಲ್ಲಿಯ ಸರಕಾರದ ಒಪ್ಪಿಗೆ ಮೊದಲೇ ಪಡೆಯದೆ ಒಯ್ಯಬಾರದು. ಇಲ್ಲಿ ಮೆಡಿಕಲ್‌ನಲ್ಲಿ ಕೇಳಿದ ಕೂಡಲೇ ಕೊಟ್ಟರು ಅಂತ ಅಲ್ಲಿಯೂ ನಡೆಯುತ್ತದೆ ಅಂದುಕೊಳ್ಳಬೇಡಿ.

ಹೊರಡುವ ಮೊದಲು ಎರಡು ಚುಚ್ಚುಮದ್ದಿನ ವಿಷಯ ನಿಮ್ಮ ಡಾಕ್ಟರ ಹತ್ತಿರ ಕೇಳಿ: ನಾಯಿಕೆಮ್ಮಿನದ್ದು ಮತ್ತು ಫ್ಲೂನದ್ದು. ಹೊಸ ಕೂಸಿಗೆ ನಾಯಿಕೆಮ್ಮು ತಗಲಿದರೆ ಪ್ರಾಣಕ್ಕೇ ಸಂಚಕಾರ. ಅದು ಬರುವುದು ಹೆಚ್ಚಾಗಿ ಎತ್ತಿಕೊಂಡು ಮುದ್ದು ಮಾಡುವ ದೊಡ್ಡವರಿಂದಲೇ. ಕೂಸನ್ನು ಮುಟ್ಟುವ ಕನಿಷ್ಠ ಎರಡು ವಾರ ಮುಂಚೆ ಹಾಕಿಸಿಕೊಂಡಿರಬೇಕು. ಭಾವನಿಗೂ ಸೇರಿಸಿ ಹೇಳುತ್ತಿದ್ದೇನೆ. ಆಮೇಲೆ ಇಬ್ಬರಿಗೂ ಪ್ರಯಾಣ ವಿಮೆ. ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ ಮಾಡಿಸಿ. ಅಲ್ಲಿ ಆಸ್ಪತ್ರೆ ಬಿಲ್ ಅಂದರೆ ಒಂದು ಫಸಲಿನ ಅಡಿಕೆ ಹೋಗಿಬಿಡಬಹುದು.

ಹೋಗಿ ಇಳಿದ ಮೇಲೆ ಮೊದಲು ಕಣ್ಣಿಗೆ ಬೀಳುವುದು ಬಚ್ಚಲು. ನಮ್ಮಲ್ಲಿ ಹಂಡೆ ತುಂಬ ನೀರು ಕಾಯಿಸಿ, ಬಾಣಂತಿಗೆ ಎಣ್ಣೆ ಹಾಕಿ, ಬಿಸಿನೀರು ಹೊಯ್ದು ಮೀಯಿಸುವುದೇ ಅರ್ಧ ಬಾಣಂತನ. ಅಲ್ಲಿ ಗಾಜಿನ ಕಪಾಟಿನಂಥ ಒಂದು ಮೂಲೆ, ಮೇಲಿಂದ ಶವರ್. ಎಣ್ಣೆ ಬಿದ್ದರೆ ನೆಲ ಜಾರುತ್ತದೆ. ಒಂದು ಪ್ಲಾಸ್ಟಿಕ್ ಮಣೆ, ಎರಡು ಬಕೆಟ್, ಒಂದು ರಬ್ಬರ್ ಚಾಪೆ ಮೊದಲೇ ತರಿಸಿಡಲು ಹೇಳಿ. ಮಗಳಿಗೆ ಆಪರೇಶನ್ ಆದರೆ ಗಾಯ ಮಾಗುವವರೆಗೆ ಹೊಟ್ಟೆಯ ಮೇಲೆ ಬಿಸಿನೀರು ಹೊಯ್ಯುವ ಶಾಸ್ತ್ರ ಬೇಡ, ಡಾಕ್ಟರು ಹೇಳಿದಂತೆ ಮಾಡಿ. ಬೇಸಿಗೆಯಲ್ಲಿ ಹೋಗುವವರಿಗೂ ಒಂದು ಮಾತು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಣ್ಣೀರಿನ ನಲ್ಲಿಯಲ್ಲೇ ಕೈ ಸುಡುವ ನೀರು ಬರುತ್ತದೆ, ಟ್ಯಾಂಕು ಮಾಡಿನ ಮೇಲೆ ಕಾಯುತ್ತಿರುತ್ತದೆ. ಹಳಬರು ಹೀಟರ್ ಆಫ್ ಮಾಡಿ, ಅದರೊಳಗೆ ತಣಿದ ನೀರನ್ನೇ ತಣ್ಣೀರಾಗಿ ಬಳಸುತ್ತಾರೆ. ಕೂಸನ್ನು ಮೀಯಿಸುವ ಮೊದಲು ಮೊಣಕೈ ಅದ್ದಿ ನೋಡದೆ ಇರಬೇಡಿ.

ಮಿಂದ ಮೇಲೆ ಹೊಗೆ ಹಾಕುವ ಅಭ್ಯಾಸ ಬಿಡಿ. ಫ್ಲ್ಯಾಟ್‌ನ ಮಾಡಿನಲ್ಲಿ ಹೊಗೆ ಹಿಡಿಯುವ ಅಲಾರಂ ಇರುತ್ತದೆ. ಕೂಸಿನ ಎದೆಗೂ ಹೊಗೆ ಒಳ್ಳೆಯದಲ್ಲ. ನಾನು ಮೆಣಸು ಹಾಕಿ ಒಗ್ಗರಣೆ ಕೊಟ್ಟದ್ದಕ್ಕೇ ಅದು ಕಿರುಚಿ, ವಾಚ್‌ಮನ್ ಮೇಲೆ ಓಡಿ ಬಂದಿದ್ದ. ಕೂಸಿನ ಬಟ್ಟೆ ಒಣಗಿಸಲು ಬಾಲ್ಕನಿಯ ಕಂಬಿಗೆ ಹಾಕಬೇಡಿ, ಬೀದಿಗೆ ಕಾಣುವಂತೆ ಬಟ್ಟೆ ಹರವಿದರೆ ನಗರಸಭೆ ದಂಡ ಹಾಕಬಹುದು. ಒಳಗೇ ಒಂದು ಸ್ಟ್ಯಾಂಡ್ ಇಟ್ಟುಕೊಳ್ಳಿ.

ಇನ್ನು ಕೆಲವು ವಿಷಯದಲ್ಲಿ ಮಗಳು ನಿಮ್ಮ ಮಾತು ಕೇಳುವುದಿಲ್ಲ, ಜಗಳ ಮಾಡಬೇಡಿ. ಬಜೆ ತೇಯ್ದು ನೆಕ್ಕಿಸುವುದು, ಜೇನು ತಾಗಿಸುವುದು ಬೇಡ ಅಂತ ಅವಳ ಡಾಕ್ಟರು ಹೇಳಿರುತ್ತಾರೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಒಂದು ವರ್ಷದೊಳಗೆ ಜೇನು ಕೊಟ್ಟರೆ ಕೂಸಿಗೆ ವಿಷವಾಗುವ ಅಪಾಯ ಇದೆ. ಮಲಗಿಸುವುದು ಅಂಗಾತ, ಗಟ್ಟಿ ಹಾಸಿಗೆಯಲ್ಲಿ, ತಲೆದಿಂಬು ಇಲ್ಲದೆ. ತಲೆ ಉರುಟಾಗಲಿ ಅಂತ ಸಾಸಿವೆ ದಿಂಬು ಹೊಲಿದುಕೊಂಡು ಹೋಗಬೇಡಿ. ಆಸ್ಪತ್ರೆಯಿಂದ ಮನೆಗೆ ಬರುವಾಗ ಕೂಸು ನಿಮ್ಮ ಮಡಿಲಲ್ಲಿ ಇರುವುದಿಲ್ಲ, ಕಾರಿನ ಮಕ್ಕಳ ಸೀಟಿನಲ್ಲಿ ಇರುತ್ತದೆ. ನಾಲ್ಕು ವರ್ಷದವರೆಗೆ ಅದು ಕಡ್ಡಾಯ, ತಪ್ಪಿದರೆ 400 ದಿರ್ಹಮ್ ದಂಡ. 'ಎರಡು ದಿನದ ಕೂಸನ್ನು ಬೆಲ್ಟ್ ಕಟ್ಟಿ ಕೂರಿಸುತ್ತಾರಲ್ಲ' ಅಂತ ನನಗೆ ಕಣ್ಣಲ್ಲಿ ನೀರೇ ಬಂದಿತ್ತು. ಆದರೆ ಅದೇ ಸರಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಕಂಡರೆ ಮದ್ದು ಹುಡುಕುತ್ತಾ ಕೂರುವುದಲ್ಲ, ಕೂಡಲೇ ಆಸ್ಪತ್ರೆಗೆ. ಆಂಬುಲೆನ್ಸ್ ನಂಬರ್ 998.

ಕೂಸಿನ ಕಾಗದಪತ್ರ ಅಳಿಯನ ತಲೆನೋವು, ಆದರೂ ನೆನಪಿಸಿ. ಅಲ್ಲಿ ಹುಟ್ಟಿದರೆ ಅಲ್ಲಿಯ ಪೌರತ್ವ ಸಿಗುವುದಿಲ್ಲ. ಜನನ ಪತ್ರ, ಭಾರತದ ಕಾನ್ಸುಲೇಟ್‌ನಿಂದ ಪಾಸ್‌ಪೋರ್ಟ್, ಆಮೇಲೆ ವೀಸಾ, ಎಲ್ಲ ಹುಟ್ಟಿದ 120 ದಿನದೊಳಗೆ ಆಗಬೇಕು. ಪಾಸ್‌ಪೋರ್ಟ್ ಆಗಲು ಹೆಸರು ಬೇಕು. ಆದ್ದರಿಂದ 'ಹೆಸರು ಆಮೇಲೆ ಊರಿಗೆ ಬಂದು ಇಟ್ಟರಾಯಿತು' ಅನ್ನುವ ಹಾಗಿಲ್ಲ. ಜೋಯಿಸರ ಹತ್ತಿರ ಅಕ್ಷರ ಕೇಳುವುದಿದ್ದರೆ ಬೇಗ ಕೇಳಿ. ಆ ಹೆಸರಿಗೆ ಎರಡನೇ ಭಾಗ ಸೇರಿಸಲು ಮರೆಯಬೇಡಿ, ಒಂದೇ ಹೆಸರಿನ ಕಥೆ ಮೇಲೆ ಹೇಳಿದ್ದೇನೆ.

ಈಗ ನಿಮ್ಮ ನಾಚಿಕೆಯ ಪ್ರಶ್ನೆ.

ಹೋಗಿ. ಅದೂ ಬಾಣಂತನದ ಕೆಲಸವೇ. ಯಾಕೆ ಅಂತ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಬಾಣಂತಿ ಒಂದು ಕೋಣೆಯಲ್ಲಿದ್ದರೆ ಅಮ್ಮ ದಿನಕ್ಕೆ ಹತ್ತು ಸಲ ಹಟ್ಟಿಗೆ, ಬಾವಿಕಟ್ಟೆಗೆ, ತೋಟಕ್ಕೆ ಹೋಗಿ ಬರುತ್ತಾಳೆ. ಮಗಳಿಗೆ ಅಳಬೇಕು ಅನ್ನಿಸಿದರೆ ಅಳಲು ಹೊತ್ತು ಸಿಗುತ್ತದೆ. ಗಂಡನ ಜೊತೆ ಮಾತಾಡಲು ಸಿಗುತ್ತದೆ. ಎರಡು ಕೋಣೆಯ ಫ್ಲ್ಯಾಟ್‌ನಲ್ಲಿ ಅದು ಎಲ್ಲಿದೆ? ನೀವು ಅಡುಗೆಮನೆಯಲ್ಲಿದ್ದರೂ ಅವರ ಉಸಿರು ಕೇಳುತ್ತದೆ. ಇನ್ನೊಂದು ನಾನು ಕಣ್ಣಾರೆ ಕಂಡದ್ದು. ಅತ್ತೆ ಮನೆಯಲ್ಲಿರುವಾಗ ಅಳಿಯ ಕೂಸನ್ನು ಎತ್ತುವುದೇ ಇಲ್ಲ, ಬಟ್ಟೆ ಬದಲಿಸುವುದಂತೂ ದೂರ. ಅತ್ತೆ ಮೂರು ಗಂಟೆ ಹೊರಗೆ ಹೋದರೆ ಎಲ್ಲ ಕಲಿಯುತ್ತಾನೆ. ನೀವು ಊರಿಗೆ ಬಂದ ಮೇಲೆ ಆ ಮನೆ ನಡೆಯಬೇಕಾದ್ದು ಹಾಗೆಯೇ. ಅಪ್ಪನಾದವನಿಗೆ ಅಲ್ಲಿ 5 ಕೆಲಸದ ದಿನ ರಜೆ ಇದೆ. ಕೂಸಿಗೆ ಆರು ತಿಂಗಳು ಆಗುವ ಮೊದಲು ಯಾವಾಗ ಬೇಕಾದರೂ ತೆಗೆಯಬಹುದು. ಎಲ್ಲವನ್ನೂ ನೀವಿರುವ ಮೊದಲ ವಾರಕ್ಕೇ ಸುರಿಯಬೇಡ ಅಂತ ಹೇಳಿ.

ಹಾಗಂತ ಮೊದಲ ಎರಡು ಮೂರು ವಾರ ದೂರದ ತಿರುಗಾಟ ಬೇಡ. ಬೆಳಿಗ್ಗೆ ಅರ್ಧ ಗಂಟೆ ಕಟ್ಟಡದ ಸುತ್ತ ನಡೆಯಿರಿ, ತರಕಾರಿಗೆ ನೀವೇ ಹೋಗಿ. ಅಲ್ಲಿ ಹೆಚ್ಚಿನ ಕಡೆ ಶನಿವಾರ, ಭಾನುವಾರ ರಜೆ, ಸರಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ. ಅಳಿಯ ಮನೆಯಲ್ಲಿರುವ ಆ ಹೊತ್ತು ನಿಮ್ಮದು. ದುಬೈ ನೋಡುವುದು ಅಂದರೆ ಬೆಳಿಗ್ಗೆ ಹೊರಟು ರಾತ್ರಿ ಬರುವ ಟೂರ್ ಅಲ್ಲ. ಒಂದು ಸಲಕ್ಕೆ ಮೂರು ಗಂಟೆ, ಒಂದು ಜಾಗ. ಜನವರಿ, ಫೆಬ್ರವರಿಯ ಹವೆ ಅದಕ್ಕೆ ಹೇಳಿ ಮಾಡಿಸಿದ್ದು.

ನಿಮ್ಮ ಅದೃಷ್ಟಕ್ಕೆ ಕುಸೈಸ್ ಮೆಟ್ರೋದ ಗ್ರೀನ್ ಲೈನ್‌ನಲ್ಲಿದೆ. ದುಬೈ ಮೆಟ್ರೋ ಶುರುವಾದದ್ದು 2009ರ ಸೆಪ್ಟೆಂಬರ್ 9ಕ್ಕೆ. ಅದಕ್ಕೆ ಡ್ರೈವರ್ ಇಲ್ಲ. ಎದುರಿನ ಡಬ್ಬಿಯಲ್ಲಿ ನಿಂತರೆ ಹಳಿಯೇ ನಮ್ಮ ಮೇಲೆ ಓಡಿ ಬಂದ ಹಾಗೆ ಕಾಣುತ್ತದೆ. 25 ದಿರ್ಹಮ್ ಕೊಟ್ಟರೆ ಬೆಳ್ಳಿ ಬಣ್ಣದ ನೋಲ್ ಕಾರ್ಡ್, ಅದರಲ್ಲಿ 19 ದಿರ್ಹಮ್ ಪ್ರಯಾಣಕ್ಕೆ ಇರುತ್ತದೆ. ಒಂದು ಸಲಕ್ಕೆ ದೂರ ನೋಡಿ 3ರಿಂದ 7.5 ದಿರ್ಹಮ್. ಹೆಂಗಸರು, ಮಕ್ಕಳಿಗೆ ಬೇರೆ ಡಬ್ಬಿ ಇದೆ, ನೀವು ಅದರಲ್ಲಿ ಹತ್ತಿ. ಭಾವ ನಿಮ್ಮ ಹಿಂದೆಯೇ ಅದರೊಳಗೆ ಬಂದರೆ 100 ದಿರ್ಹಮ್ ದಂಡ. ರೈಲಿನಲ್ಲಿ ನೀರು ಕುಡಿಯುವುದು, ಕಡಲೆ ತಿನ್ನುವುದಕ್ಕೂ ಅಷ್ಟೇ. ರಸ್ತೆಯನ್ನು ಸಿಕ್ಕಿದಲ್ಲಿ ದಾಟುವುದಕ್ಕೆ 400. ಕುಂಬಳೆ ಪೇಟೆಯಲ್ಲಿ ದಾಟಿದ ಹಾಗೆ ದಾಟುವವರಲ್ಲವಾ ನಾವು, ಅದಕ್ಕೆ ಹೇಳಿದೆ.

ಮೊದಲ ಸವಾರಿಗೆ ಕುಸೈಸ್‌ನಲ್ಲಿ ಹತ್ತಿ, ಗಾಡಿ ಬದಲಿಸದೆ, ಅಲ್ ರಾಸ್‌ನಲ್ಲಿ ಇಳಿಯಿರಿ. ಎದುರಿಗೇ ದೇರಾದ ಸಾಂಬಾರ ಪದಾರ್ಥಗಳ ಪೇಟೆ. ಕೇಸರಿ, ಒಣಗಿದ ನಿಂಬೆ, ಧೂಪದ ಅಂಟು, ಮೂಟೆ ಮೂಟೆ ಏಲಕ್ಕಿ. ಕೊಳ್ಳಬೇಕಾಗಿಲ್ಲ, ಮೂಸಿ ನೋಡಲು ದುಡ್ಡಿಲ್ಲ. ಕೊಲ್ಲಿಯವರ ಕಾಫಿಗೆ ಬೀಳುವ ಏಲಕ್ಕಿಯಲ್ಲಿ ದೊಡ್ಡ ಪಾಲು ಈಗ ಗ್ವಾಟೆಮಾಲದ್ದು. ಅದನ್ನು ಭಾವನಿಗೆ ಹೇಳಿ, ಕೃಷಿಕರಿಗೆ ಇಂಥದ್ದು ರುಚಿಸುತ್ತದೆ. ಪಕ್ಕದಲ್ಲೇ ಚಿನ್ನದ ಪೇಟೆ. ಅಲ್ಲಿಗೆ ಮಾತ್ರ ಪರ್ಸ್ ಮನೆಯಲ್ಲಿಟ್ಟು ಹೋಗುವುದು ಒಳ್ಳೆಯದು. ತಂದರೆ ಮಂಗಳೂರಿನಲ್ಲಿ ಕಸ್ಟಮ್ಸ್ ಲೆಕ್ಕ ಕೊಡಬೇಕು.

ಅಲ್ಲಿಂದ ನೀರಿನ ದಂಡೆಗೆ ಬನ್ನಿ. ಇದೇ ದುಬೈ ಕ್ರೀಕ್, ಸಮುದ್ರದ ಒಂದು ನಾಲಗೆ ಊರೊಳಗೆ ಚಾಚಿದ್ದು. ದಾಟಿಸಲು ಅಬ್ರಾ ಅನ್ನುವ ಮರದ ದೋಣಿ, ತಲೆಗೆ 1 ದಿರ್ಹಮ್. ಚಂದ್ರಗಿರಿ ಹೊಳೆಯ ಕಡವಿನಲ್ಲಿ ದೋಣಿ ದಾಟಿದವರಿಗೆ ಅಲ್ಲಿ ಕೂತ ಕೂಡಲೇ ಗುರುತು ಹತ್ತುತ್ತದೆ. ದುಬೈಯಲ್ಲಿ ಇದಕ್ಕಿಂತ ಒಳ್ಳೆಯ ಐದು ನಿಮಿಷ ನಾನು ಕಂಡಿಲ್ಲ, ಸಾವಿರಾರು ರೂಪಾಯಿ ಕೊಟ್ಟ ಜಾಗಗಳನ್ನೂ ಸೇರಿಸಿ ಹೇಳುತ್ತಿದ್ದೇನೆ. ದಂಡೆಯಲ್ಲಿ ಮರದ ದೊಡ್ಡ ಹಡಗುಗಳು ಫ್ರಿಜ್ಜು, ಟಯರು ತುಂಬಿಕೊಂಡು ನಿಂತಿರುತ್ತವೆ. ಅಂಥ ಉರುಗಳನ್ನು ನಮ್ಮ ಬೇಪೂರಿನಲ್ಲಿ ಕಟ್ಟುತ್ತಿದ್ದರು. ನಮ್ಮ ಕರಾವಳಿಯಿಂದ ಪತ್ತೇಮಾರಿ ಅನ್ನುವ ಹಾಯಿಹಡಗು ಹತ್ತಿ ಕೊಲ್ಲಿಗೆ ಹೋದ ಮೊದಲ ತಲೆಮಾರಿನ ಕಥೆ ನಿಮ್ಮ ನೆರೆಕರೆಯಲ್ಲೂ ಯಾರಾದರೂ ಹೇಳಿರುತ್ತಾರೆ. 1966ರವರೆಗೆ ದುಬೈಯಲ್ಲಿ ನಡೆಯುತ್ತಿದ್ದದ್ದು ರೂಪಾಯಿ. ನಮ್ಮ ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿಗೆ ಅಂತಲೇ ಬೇರೆ ನೋಟು ಅಚ್ಚು ಹಾಕಿಸಿತ್ತು. ಆಚೆ ದಡದಲ್ಲಿ ಬರ್ ದುಬೈಯ ಬಟ್ಟೆ ಪೇಟೆ. ಸ್ವಲ್ಪ ನಡೆದರೆ ಅಲ್ ಫಾಹಿದಿ ಅನ್ನುವ ಹಳೆಯ ಕೇರಿ. ಪರ್ಷಿಯಾದ ಬಸ್ತಕ್‌ನಿಂದ ಬಂದ ವ್ಯಾಪಾರಿಗಳು ಕಟ್ಟಿದ ಮನೆಗಳು, ಮೇಲೆ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಗೋಪುರ. ಕರೆಂಟು ಇಲ್ಲದ ಕಾಲದ ಏಸಿ ಅದು. ವಾಪಸು ಬರುವಾಗ ಅಲ್ ಘುಬೈಬಾದಲ್ಲಿ ಮೆಟ್ರೋ ಹತ್ತಿ. ನೀವು ದೋಣಿಯಲ್ಲಿ ದಾಟಿದ ನೀರಿನ ಅಡಿಯಿಂದಲೇ ರೈಲು ಹೋಗುತ್ತದೆ.

ಬುರ್ಜ್ ಖಲೀಫಾ ನೋಡದೆ ಬಂದರೆ ಊರವರು ಬಿಡುವುದಿಲ್ಲ. 828 ಮೀಟರ್, 2010ರಿಂದ ನಿಂತಿದೆ. ಕೆಳಗೆ ನಿಂತು ನೋಡಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮೇಲೆ ಹತ್ತುವ ಟಿಕೆಟ್ ದುಬಾರಿ, ಸಂಜೆ ಹೊತ್ತಿಗೆ ಇನ್ನೂ ದುಬಾರಿ. ಅಷ್ಟು ಎತ್ತರದಿಂದ ಎಲ್ಲವೂ ಬೆಂಕಿಪೆಟ್ಟಿಗೆಯಂತೆ ಕಾಣುತ್ತದೆ. ಮೆಟ್ರೋ ಸ್ಟೇಷನ್‌ನಿಂದ ದುಬೈ ಮಾಲ್‌ಗೆ ಹೋಗುವ ಮುಚ್ಚಿದ ದಾರಿಯೇ ಮುಕ್ಕಾಲು ಕಿಲೋಮೀಟರಿಗಿಂತ ಉದ್ದ. ಮೊಣಕಾಲು ನೋವಿದ್ದರೆ ಚಲಿಸುವ ಪಟ್ಟಿಯ ಮೇಲೆ ನಿಂತುಕೊಂಡು ಹೋಗಿ. ಎತ್ತರ ಬೇಕೇ ಬೇಕು ಅಂದರೆ ಝಬೀಲ್ ಪಾರ್ಕ್‌ನ ದುಬೈ ಫ್ರೇಮ್‌ಗೆ ಹೋಗಿ. 150 ಮೀಟರ್, 2018ರಲ್ಲಿ ತೆರೆದದ್ದು, ಟಿಕೆಟ್ 50 ದಿರ್ಹಮ್ ಆಸುಪಾಸು. ಒಂದು ಕಿಟಕಿಯಿಂದ ಹಳೆ ಊರು, ಎದುರಿನದ್ದರಿಂದ ಹೊಸ ಊರು ಕಾಣುತ್ತದೆ. ಕ್ರೀಕ್ ನೋಡಿ ಬಂದ ಮೇಲೆ ಅದನ್ನು ಹತ್ತಿದರೆ ನಿಮಗೇ ಅರ್ಥವಾಗುತ್ತದೆ.

ಭಾವ ಬಂದ ಮೇಲೆ ಒಂದು ರಜೆ ದಿನ ಅಬುಧಾಬಿಯ ಹಿಂದೂ ಮಂದಿರ ಇಟ್ಟುಕೊಳ್ಳಿ. 2024ರ ಫೆಬ್ರವರಿ 14ಕ್ಕೆ ಉದ್ಘಾಟನೆ ಆದದ್ದು, ಪೂರಾ ಕಲ್ಲಿನ ಕೆತ್ತನೆ. ಕಾರಿನಲ್ಲಿ ಒಂದು ಗಂಟೆಗಿಂತ ಜಾಸ್ತಿ. ಅಷ್ಟು ದೂರ ಆಗದಿದ್ದರೆ ಜೆಬೆಲ್ ಅಲಿಯಲ್ಲಿ 2022ರಲ್ಲಿ ತೆರೆದ ದೇವಸ್ಥಾನ ಇದೆ. ಕೂಸಿಗೆ ಮೊದಲ ಚುಚ್ಚುಮದ್ದುಗಳು ಆಗುವವರೆಗೆ ಇಂಥ ಜನಜಂಗುಳಿಗೆ ಕರೆದೊಯ್ಯುವುದು ಬೇಡ, ನೀವಿಬ್ಬರೇ ಹೋಗಿ. ಮಗಳಿಗೆ ಹೆರಿಗೆಯಾಗಿ ನಲ್ವತ್ತು ದಿನ ಕಳೆದ ಮೇಲೆ, ಸಂಜೆ ಹೊತ್ತು, ಕ್ರೀಕ್ ಪಾರ್ಕ್‌ಗೆ ಕೂಸನ್ನು ತಳ್ಳುಗಾಡಿಯಲ್ಲಿಟ್ಟು ಎಲ್ಲರೂ ಒಟ್ಟಿಗೆ ಹೋಗಿ. 5 ದಿರ್ಹಮ್ ಪ್ರವೇಶ, ಹುಲ್ಲು, ನೀರಿನ ಗಾಳಿ. ಅವಳಿಗೆ ಹೊರಗಿನ ಗಾಳಿ ಬೇಕಾಗಿರುತ್ತದೆ, ಬಾಯಿಬಿಟ್ಟು ಹೇಳಿರುವುದಿಲ್ಲ.

ಈಗೀಗ ರಂಜಾನ್ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬರುತ್ತಿದೆ. ಆಗ ಕೆಲಸದ ಹೊತ್ತು ದಿನಕ್ಕೆ ಎರಡು ಗಂಟೆ ಕಡಿಮೆ, ಅಳಿಯ ಬೇಗ ಮನೆಗೆ ಬರುತ್ತಾನೆ. ಹಗಲು ಬೀದಿಯಲ್ಲಿ ತಿನ್ನುತ್ತಾ ನಡೆಯಬೇಡಿ, ಅಷ್ಟೇ. ಹೆಂಗಸರ, ಅಪರಿಚಿತರ ಫೋಟೋ ಯಾವ ಕಾಲಕ್ಕೂ ತೆಗೆಯಬೇಡಿ.

ಫೋನಿನ ಒಂದು ವಿಷಯ ಉಳಿಯಿತು. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ವಾಟ್ಸಾಪ್ ಕಾಲ್ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಮೊದಲ ದಿನ ಇಲ್ಲಿ ಭಾವ, ಅಲ್ಲಿ ನೀವು ಗಾಬರಿ ಪಡುವುದು ಬೇಡ. ಬೋಟಿಮ್ ಆ್ಯಪನ್ನೋ ಗೂಗಲ್ ಮೀಟನ್ನೋ ಹೊರಡುವ ಮೊದಲೇ ಅವರ ಫೋನಿಗೆ ಹಾಕಿಸಿ, ಒಂದೆರಡು ಸಲ ಅಭ್ಯಾಸ ಮಾಡಿಸಿ. ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರು ಬೆಳಿಗ್ಗೆ ಐದಕ್ಕೆ ಎದ್ದು ಚಾ ಕುಡಿದು ಫೋನ್ ಮಾಡಿದರೆ ಅಲ್ಲಿ ಮೂರೂವರೆ. ಕೂಸು ಆಗಷ್ಟೇ ಮಲಗಿರುತ್ತದೆ.

ಅವರು ಬರುವಾಗ ಏನು ತರಬೇಕು ಅಂತ ಕೇಳಿಯೇ ಕೇಳುತ್ತಾರೆ. ಹಳೆಯ, ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆ ನಾಲ್ಕು, ಪಂಚೆ ಎರಡು. ಅದು ಮಾತ್ರ ದುಬೈಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.